ರೇರೋಲ್ ಸ್ವಿಚ್‌ಗೇರ್ ಕಾರ್ಖಾನೆ ಮತ್ತು ಅದರ ಕೆಲಸಗಾರರು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಸಬ್‌ಸ್ಟೇಷನ್‌ನಲ್ಲಿ ಆಪರೇಟರ್ ಆಗಿದ್ದು ನಿವೃತ್ತನಾದವನು. ಐಟಿಐ, ಡಿಪ್ಲೊಮಾ ಓದುವ ಹುಡುಗ ಹುಡುಗಿಯರು ಆಗಾಗ ಬಂದು ಬ್ರೇಕರ್ ಬಗ್ಗೆ, ಅಂದರೆ ತೊಂದರೆ ಆದಾಗ ಕರೆಂಟ್ ಕಡಿದು ಹಾಕುವ ದೊಡ್ಡ ಸ್ವಿಚ್ ಬಗ್ಗೆ, ಕೇಳುತ್ತಾರೆ. ಆ ಮಾತು ಹೇಗೋ ಸುತ್ತಿ ಬಳಸಿ ಇಂಗ್ಲೆಂಡಿನ ಹೆಬ್ಬರ್ನ್ ಊರಿನ ರೇರೋಲ್ ಕಾರ್ಖಾನೆಗೆ ಬಂದು ನಿಲ್ಲುತ್ತದೆ. ನಾವು ದಿನಾ ಮುಟ್ಟುವ, ಬ್ರೇಕರ್ ಕೂತ ಲೋಹದ ಪ್ಯಾನೆಲ್‌ನ ರೂಪ ಬಹುಮಟ್ಟಿಗೆ ತಯಾರಾದದ್ದು ಅಲ್ಲೇ. ಪದೇ ಪದೇ ಬರುವ ಪ್ರಶ್ನೆಗಳಿಗೆ ಇಲ್ಲಿ ಒಟ್ಟಿಗೆ ಉತ್ತರ ಬರೆದಿದ್ದೇನೆ.

ಸ್ವಿಚ್‌ಗೇರ್ ಅಂದರೆ ಏನು? ಸ್ವಿಚ್‌ಗೂ ಅದಕ್ಕೂ ಏನು ವ್ಯತ್ಯಾಸ?

ಸ್ವಿಚ್, ಬ್ರೇಕರ್, ಫ್ಯೂಸ್, ತೊಂದರೆ ಗುರುತಿಸಿ ಬ್ರೇಕರ್‌ಗೆ ಹೇಳುವ ರಿಲೇ, ಕರೆಂಟ್ ಹಂಚುವ ತಾಮ್ರದ ಪಟ್ಟಿಯಾದ ಬಸ್‌ಬಾರ್, ಇವೆಲ್ಲ ಸೇರಿದ ಇಡೀ ವ್ಯವಸ್ಥೆಗೆ ಸ್ವಿಚ್‌ಗೇರ್ ಅನ್ನುತ್ತೇವೆ. ಕರೆಂಟ್ ಹರಿಸುವುದು ಅದರ ಸುಲಭದ ಕೆಲಸ. ಕಷ್ಟದ ಕೆಲಸ ಇರುವುದು ನಿಲ್ಲಿಸುವುದರಲ್ಲಿ. ಲೈನ್ ಮೇಲೆ ಮರ ಬಿತ್ತು ಅಂದುಕೊಳ್ಳಿ. ನೂರಾರು ಆಂಪಿಯರ್ ಹರಿಯುತ್ತಿದ್ದ ಕಡೆ ಒಂದೇ ಕ್ಷಣದಲ್ಲಿ ಸಾವಿರಾರು ಆಂಪಿಯರ್ ನುಗ್ಗುತ್ತದೆ. ಆಗ ಬ್ರೇಕರ್‌ನ ಎರಡು ತಾಮ್ರದ ತುದಿಗಳನ್ನು ದೂರ ಎಳೆದರೂ ಕರೆಂಟ್ ನಿಲ್ಲುವುದಿಲ್ಲ. ನಡುವೆ ಬೆಂಕಿಯ ಸೇತುವೆ ಕಟ್ಟಿಕೊಂಡು ಹರಿಯುತ್ತಲೇ ಇರುತ್ತದೆ. ಅದೇ ಆರ್ಕ್. ನಮ್ಮ 50 ಹರ್ಟ್ಸ್ ಕರೆಂಟ್ ಸೆಕೆಂಡಿಗೆ 100 ಸಲ ಸೊನ್ನೆಗೆ ಬರುತ್ತದಲ್ವಾ? ಆ ಸೊನ್ನೆಯ ಹೊತ್ತಿಗೆ ಆರ್ಕನ್ನು ತಣ್ಣಗೆ ಮಾಡಿ, ಅದು ಮತ್ತೆ ಹತ್ತಿಕೊಳ್ಳದಂತೆ ನೋಡಿಕೊಳ್ಳಬೇಕು. ಬ್ರೇಕರ್ ವಿದ್ಯೆ ಎಲ್ಲ ಇಷ್ಟರಲ್ಲೇ ಇದೆ.

ಮನೆಯ ಸ್ವಿಚ್ ಒತ್ತಿದಾಗ 'ಟಕ್' ಅಂತ ಸದ್ದು ಬರುತ್ತದೆ. ಅದಕ್ಕೂ ಟೈನ್ ನದಿಯ ದಂಡೆಗೂ ನಂಟಿದೆ. ನ್ಯೂಕಾಸಲ್‌ನ ಜಾನ್ ಹೆನ್ರಿ ಹೋಮ್ಸ್ ಎಂಬಾತ 1884ರಲ್ಲಿ ಸ್ಪ್ರಿಂಗ್ ಬಲದಿಂದ ತಟ್ಟನೆ ಬಿಡಿಸಿಕೊಳ್ಳುವ ಸ್ವಿಚ್ ಕಂಡುಹಿಡಿದ. ನಿಧಾನವಾಗಿ ಬಿಡಿಸಿದರೆ ಆರ್ಕ್ ಎಳೆದುಕೊಂಡು ತುದಿ ಸುಡುತ್ತದೆ, ತಟ್ಟನೆ ಬಿಡಿಸಿದರೆ ಉಳಿಯುತ್ತದೆ. ಮುಂದೆ 1928ರಲ್ಲಿ ಹೋಮ್ಸ್‌ನ ಕಂಪನಿಯೇ ರೇರೋಲ್ ತೆಕ್ಕೆಗೆ ಬಂತು.

ರೇರೋಲ್ ಅನ್ನುವುದು ಊರಿನ ಹೆಸರಾ, ಮನುಷ್ಯನ ಹೆಸರಾ?

ಮನುಷ್ಯನ ಹೆಸರು. ಆಲ್ಫೋನ್ಸ್ ರೇರೋಲ್, ಫ್ರಾನ್ಸ್‌ನಲ್ಲಿ 1864ರಲ್ಲಿ ಹುಟ್ಟಿದವನು. ಕೈಗೆಲಸ ಬಲ್ಲವನು. ಲಂಡನ್‌ಗೆ ಬಂದು 1886ರಲ್ಲಿ ಸ್ವಂತದ್ದೊಂದು ಸಣ್ಣ ವರ್ಕ್‌ಶಾಪ್ ತೆರೆದ. ಮೊದಮೊದಲು ಮಾಡುತ್ತಿದ್ದದ್ದು ವಿಜ್ಞಾನದ ಸಲಕರಣೆಗಳು, ನಾಜೂಕಿನ ಕೆಲಸ. ಆಮೇಲೆ ಕರೆಂಟಿನ ಸಾಮಾನು. ಇಪ್ಪತ್ತೆರಡನೇ ವಯಸ್ಸಿಗೆ ಪರದೇಶದಲ್ಲಿ ಅಂಗಡಿ ಇಟ್ಟವನ ಧೈರ್ಯ ನನಗೆ ಬಹಳ ಇಷ್ಟ. ಆತ 1919ರಲ್ಲಿ ತೀರಿಕೊಂಡ. ಹೆಸರು ಮಾತ್ರ ನೂರು ವರ್ಷ ದಾಟಿ ಪ್ಯಾನೆಲ್‌ಗಳ ಮೇಲೆ ಉಳಿದಿದೆ.

ಲಂಡನ್ ಬಿಟ್ಟು ಅಷ್ಟು ದೂರದ ಹೆಬ್ಬರ್ನ್‌ಗೆ ಯಾಕೆ ಹೋದರು?

ಗಿರಾಕಿ ಅಲ್ಲಿದ್ದ. ಹೆಬ್ಬರ್ನ್ ಇರುವುದು ಇಂಗ್ಲೆಂಡಿನ ಈಶಾನ್ಯದಲ್ಲಿ, ಟೈನ್ ನದಿಯ ದಕ್ಷಿಣ ದಂಡೆಯಲ್ಲಿ. ಸುತ್ತ ಕಲ್ಲಿದ್ದಲ ಗಣಿ, ಹಡಗು ಕಟ್ಟುವ ಯಾರ್ಡ್, ಉಕ್ಕು. ಹತ್ತಿರದ ನ್ಯೂಕಾಸಲ್‌ನಲ್ಲಿ ಚಾರ್ಲ್ಸ್ ಪಾರ್ಸನ್ಸ್‌ನ ಟರ್ಬೈನ್ ಕಾರ್ಖಾನೆ. ನದಿಯ ಆಚೆ ದಡದ ವಾಲ್‌ಸೆಂಡ್‌ನಲ್ಲಿ 1901ರ ಜೂನ್‌ನಲ್ಲಿ ನೆಪ್ಚೂನ್ ಬ್ಯಾಂಕ್ ವಿದ್ಯುತ್ ಕೇಂದ್ರ ಶುರುವಾಯಿತು. ಲಾರ್ಡ್ ಕೆಲ್ವಿನ್ ಬಂದು ಉದ್ಘಾಟನೆ ಮಾಡಿದ್ದರು. ಮೂರು ಫೇಸ್ ಕರೆಂಟನ್ನು ಕಾರ್ಖಾನೆಗಳಿಗೆ ಹಂಚುವ ಕೆಲಸ ಬ್ರಿಟನ್‌ನಲ್ಲಿ ದೊಡ್ಡದಾಗಿ ನಡೆದದ್ದು ಆ ಸೀಮೆಯಲ್ಲೇ. ಅದರ ಹಿಂದಿದ್ದ ತಲೆ ಚಾರ್ಲ್ಸ್ ಮೆರ್ಜ್ ಎಂಬ ಇಂಜಿನಿಯರ್. ಇಷ್ಟೆಲ್ಲ ಕರೆಂಟ್ ಹರಿಯುತ್ತದೆ ಅಂದಮೇಲೆ ಅದನ್ನು ತಡೆದು ನಿಲ್ಲಿಸುವ ಸಾಮಾನು ಬೇಕೇ ಬೇಕು. ರೇರೋಲ್ ಅದೇ 1901ರಲ್ಲಿ ಗಂಟುಮೂಟೆ ಕಟ್ಟಿ ಹೆಬ್ಬರ್ನ್‌ಗೆ ಬಂದ.

ಆ ಹೊತ್ತಿಗೆ ನಮ್ಮ ಕಡೆ ಕರೆಂಟ್ ಇತ್ತಾ?

ಬರುವುದರಲ್ಲಿತ್ತು. ನೆಪ್ಚೂನ್ ಬ್ಯಾಂಕ್ ಶುರುವಾದ ಮರುವರ್ಷವೇ, 1902ರ ಜೂನ್ 30ರಂದು, ಶಿವನಸಮುದ್ರದ ಕರೆಂಟ್ 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ ತಲುಪಿತು. ಅಲ್ಲಿಗೆ ಬಂದ ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನವು, ಹೆಬ್ಬರ್ನ್‌ನವಲ್ಲ. ಆದರೆ ಕಾಲ ಒಂದೇ, ಕಷ್ಟವೂ ಒಂದೇ. ತಗ್ಗಿನ ಮನೆಯಂಥ ಪವರ್‌ಹೌಸ್‌ನಲ್ಲಿ ಬಯಲಿಗೆ ಬಿದ್ದ ಹೈ ಟೆನ್ಷನ್ ತಾಮ್ರದ ಮುಂದೆ ಒಬ್ಬ ಮನುಷ್ಯ ನಿಂತು ಸ್ವಿಚ್ ಎಳೆಯಬೇಕು. ಅವನನ್ನು ಕಾಪಾಡುವುದು ಹೇಗೆ ಎಂಬುದು ಆಗ ಎಲ್ಲ ದೇಶಕ್ಕೂ ಹೊಸ ಪ್ರಶ್ನೆ.

ಮೆಟಲ್‌ಕ್ಲ್ಯಾಡ್ ಅಂದರೆ ಏನು? ಅದನ್ನು ಯಾಕೆ ಇಷ್ಟು ಹೊಗಳುತ್ತೀರಿ?

ಇದಕ್ಕೆ ಸ್ವಲ್ಪ ಉದ್ದ ಉತ್ತರ ಬೇಕು.

1900ರ ಸುಮಾರಿನ ಸ್ವಿಚ್‌ಬೋರ್ಡ್ ಹೇಗಿತ್ತು ಗೊತ್ತಾ? ಅಮೃತಶಿಲೆ ಇಲ್ಲವೇ ಸ್ಲೇಟ್ ಕಲ್ಲಿನ ಹಲಗೆ. ಅದರ ಮೇಲೆ ಚಾಕುವಿನ ಅಲಗಿನಂಥ ತಾಮ್ರದ ಸ್ವಿಚ್‌ಗಳು. ಹಿಂದೆ ಬಸ್‌ಬಾರ್ ಪೂರ್ತಿ ಬಯಲು. ನೋಡಲು ಫಳಫಳ ಹೊಳೆಯುತ್ತಿತ್ತು. ಕೈ ತಪ್ಪಿದರೆ ಜೀವವೇ ಹೋಗುತ್ತಿತ್ತು. ವೋಲ್ಟೇಜ್ ಏರುತ್ತಾ ಹೋದಂತೆ ಇಟ್ಟಿಗೆ ಗೂಡು ಕಟ್ಟಿ, ಒಂದೊಂದು ಫೇಸನ್ನು ಒಂದೊಂದು ಗೂಡಿನಲ್ಲಿ ಇಟ್ಟರು. ಆಗಲೂ ಒಳಗೆ ಕೈ ಹಾಕುವವನಿಗೆ ಅಪಾಯ ತಪ್ಪಲಿಲ್ಲ.

ಹೆನ್ರಿ ಕ್ಲೋಥಿಯರ್ ಎಂಬ ಇಂಜಿನಿಯರ್ 1902ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಒಂದು ಪ್ರಬಂಧ ಓದಿದ. ಹೈ ಟೆನ್ಷನ್ ಸ್ವಿಚ್‌ಗೇರ್ ಹೇಗೆ ಕಟ್ಟಬೇಕು ಎಂಬುದೇ ಅದರ ವಿಷಯ. ಅವನ ದಾರಿ ಸರಳವಾಗಿತ್ತು. ಕರೆಂಟ್ ಇರುವ ಪ್ರತಿಯೊಂದು ಭಾಗವನ್ನೂ ಲೋಹದ ಪೆಟ್ಟಿಗೆಯೊಳಗೆ ಮುಚ್ಚಬೇಕು, ಆ ಪೆಟ್ಟಿಗೆಯನ್ನು ಅರ್ಥ್ ಮಾಡಬೇಕು, ಅಂದರೆ ನೆಲಕ್ಕೆ ಜೋಡಿಸಬೇಕು. ಆಗ ಹೊರಗಿನವನು ಮುಟ್ಟುವುದೆಲ್ಲ ಅರ್ಥ್ ಆದ ಲೋಹವೇ. ಒಳಗೆ ಏನಾದರೂ ಕೆಟ್ಟರೂ ಕರೆಂಟ್ ಪೆಟ್ಟಿಗೆ ಹಿಡಿದು ನೆಲಕ್ಕೆ ಹೋಗುತ್ತದೆ, ಮನುಷ್ಯನ ಮೈಯಿಂದ ಅಲ್ಲ. ಕ್ಲೋಥಿಯರ್ 1906ರಲ್ಲಿ ರೇರೋಲ್ ಸೇರಿದ. ಲೋಹದ ಕವಚದ ಸ್ವಿಚ್‌ಗೇರ್ ಹೆಬ್ಬರ್ನ್‌ನ ಗುರುತೇ ಆಯಿತು.

ಬಸ್‌ಬಾರ್ ಇಡುವ ಪೆಟ್ಟಿಗೆಯೊಳಗೆ ಡಾಂಬರಿನಂಥ ಕಾಂಪೌಂಡನ್ನು ಕಾಯಿಸಿ ಸುರಿಯುತ್ತಿದ್ದರು. ಅದು ಆರಿ ಗಟ್ಟಿಯಾದ ಮೇಲೆ ಗಾಳಿಯೂ ಇಲ್ಲ, ತೇವವೂ ಇಲ್ಲ, ಹಲ್ಲಿ ಇಲಿಯ ಕಾಟವೂ ಇಲ್ಲ. ಇನ್ನೊಂದು ದೊಡ್ಡ ಬದಲಾವಣೆ ಎಂದರೆ ಬ್ರೇಕರನ್ನೇ ಹೊರಗೆ ಎಳೆಯುವಂತೆ ಮಾಡಿದ್ದು. ರಿಪೇರಿ ಬೇಕು ಅಂದರೆ ಬ್ರೇಕರ್ ಇಡಿಯಾಗಿ ಪ್ಲಗ್ ಕಿತ್ತ ಹಾಗೆ ಬಿಡಿಸಿಕೊಂಡು ಆಚೆ ಬರುತ್ತದೆ. ಅದು ಬಂದ ಕೂಡಲೇ ಒಳಗಿನ ಬಾಯಿಗಳ ಮೇಲೆ ಷಟರ್ ತಾನಾಗಿ ಬೀಳುತ್ತದೆ. ಬ್ರೇಕರ್ ಆನ್ ಇದ್ದರೆ ಎಳೆಯಲು ಬರುವುದೇ ಇಲ್ಲ, ಇಂಟರ್‌ಲಾಕ್ ಹಿಡಿದುಕೊಳ್ಳುತ್ತದೆ.

ಈ ಇಂಟರ್‌ಲಾಕ್ ಬೆಲೆ ನನಗೆ ಗೊತ್ತಾದ ಸಂಜೆ ಒಂದಿದೆ. ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. 11 ಕೆವಿ (11 ಸಾವಿರ ವೋಲ್ಟ್) ಫೀಡರ್ ಲೈನ್ ಮೇಲೆ ಕೆಲಸ, ಲೈನ್‌ಮನ್ ಲೈನ್ ಕ್ಲಿಯರ್‌ಗಾಗಿ, ಅಂದರೆ ಕರೆಂಟ್ ತೆಗೆದಿದೆ ಎಂಬ ಸಹಿಯ ಚೀಟಿಗಾಗಿ ಕಾಯುತ್ತಿದ್ದ. ಮಳೆ ಬರುವ ಹಾಗಿತ್ತು, ನನಗೆ ಅವಸರ. ಬ್ರೇಕರ್ ಬಿಡಿಸುವ ಟ್ರಿಪ್ ಹ್ಯಾಂಡಲ್ ತಿರುಗಿಸಿದೆ, ಬ್ರೇಕರ್ ಬಿಟ್ಟಿತು ಅಂದುಕೊಂಡು ಅದು ಕೂತ ಟ್ರಾಲಿ ಎಳೆದೆ. ಬರಲಿಲ್ಲ. ಇನ್ನೂ ಜೋರಾಗಿ ಎಳೆದೆ. ಹಿಂದಿನಿಂದ ಹಿರಿಯ ಆಪರೇಟರ್ ಓಡಿ ಬಂದು ಕೈ ಹಿಡಿದರು. "ಲೋ, ಅದು ಬರ್ತಿಲ್ಲ ಅಂದ್ರೆ ಏನೋ ಹೇಳ್ತಿದೆ. ಸುಮ್ನೆ ಎಳೀಬೇಡ. ಬ್ರೇಕರ್ ಓಪನ್ ಆಗಿದ್ಯಾ ನೋಡು ಮೊದಲು." ನೋಡಿದರೆ ಆಗಿರಲಿಲ್ಲ. ಬ್ರೇಕರ್ ಬಿಡಿಸುವ ಟ್ರಿಪ್ ಕಾಯಿಲ್ (ತಂತಿಯ ಸುರುಳಿ) ಸುಟ್ಟುಹೋಗಿತ್ತು. ಲೋಡ್ ಹರಿಯುತ್ತಿರುವ ಬ್ರೇಕರನ್ನು ನಾನು ಕಿತ್ತು ಎಳೆಯುತ್ತಿದ್ದೆ. ಒಂದು ಚೂರು ಉಕ್ಕಿನ ಪಟ್ಟಿ ಅಡ್ಡ ಬಂದಿದ್ದರಿಂದ ಇವತ್ತು ಕೂತು ಇದನ್ನು ಬರೆಯುತ್ತಿದ್ದೇನೆ. ಆಮೇಲೆ ಕೈಯಿಂದ ಟ್ರಿಪ್ ಮಾಡಿ, ಟ್ರಾಲಿ ಆಚೆ ತಂದು, ಕೆಂಪು ಬಣ್ಣದ ಷಟರ್ ಪೂರ್ತಿ ಬಿದ್ದಿದೆಯೇ ಎಂದು ಟಾರ್ಚ್ ಹಾಕಿ ನೋಡಿ, ಬೀಗ ಹಾಕಿದ ಮೇಲೆಯೇ ಅವರು ಲೈನ್ ಕ್ಲಿಯರ್‌ಗೆ ಸಹಿ ಹಾಕಿದ್ದು.

ಆ ಪಟ್ಟಿಯನ್ನು ಯಾವುದೋ ಊರಲ್ಲಿ ಯಾರೋ ಫಿಟ್ಟರ್ ಅರದಿಂದ ಉಜ್ಜಿ, ಅಳತೆಗೆ ಕೂರಿಸಿದ್ದಾನೆ. ಅವನಿಗೆ ನಾನು ಗೊತ್ತಿಲ್ಲ, ನನಗೆ ಅವನು ಗೊತ್ತಿಲ್ಲ. ಕೆಲಸಗಾರರ ಬಗ್ಗೆ ಇಲ್ಲಿ ಇಷ್ಟು ಬರೆಯುವುದಕ್ಕೆ ಕಾರಣ ಅವನೇ.

ಪಾಠದಲ್ಲಿ ಬರುವ ಮೆರ್ಜ್-ಪ್ರೈಸ್ ಪ್ರೊಟೆಕ್ಷನ್‌ಗೂ ಇದಕ್ಕೂ ಸಂಬಂಧ ಇದೆಯಾ?

ನೇರ ಸಂಬಂಧ. ಅದೇ ಚಾರ್ಲ್ಸ್ ಮೆರ್ಜ್ ಮತ್ತು ಅವನ ಜೊತೆಗಾರ ಬರ್ನಾರ್ಡ್ ಪ್ರೈಸ್, 1904ರ ಸುಮಾರಿಗೆ ಟೈನ್ ದಂಡೆಯ ಕೇಬಲ್‌ಗಳಿಗಾಗಿ ಯೋಚಿಸಿದ ಉಪಾಯ ಅದು. ಒಳಗೆ ಹೋದ ಕರೆಂಟ್ ಅಷ್ಟೇ ಹೊರಗೆ ಬಂದರೆ ಕೇಬಲ್ ಸರಿ ಇದೆ. ನಡುವೆ ಕಮ್ಮಿಯಾದರೆ ಎಲ್ಲೋ ಸೋರಿದೆ, ಟ್ರಿಪ್ ಮಾಡು. ಕಾಲುವೆಗೆ ಬಿಟ್ಟ ನೀರು ಕೊನೆಯ ಗದ್ದೆಗೆ ಬರಲಿಲ್ಲ ಅಂದರೆ ಏರಿ ಒಡೆದಿದೆ ಅಂತ ರೈತನಿಗೆ ಗೊತ್ತಾಗುತ್ತದಲ್ಲ, ಅದೇ ಲೆಕ್ಕ. ಇಂಥ ರಕ್ಷಣಾ ರಿಲೇಗಳನ್ನು ಮಾಡುವುದು ರೇರೋಲ್‌ನ ಎರಡನೇ ದೊಡ್ಡ ಕಸುಬಾಯಿತು. ಮೆರ್ಜ್ 1940ರ ಅಕ್ಟೋಬರ್‌ನಲ್ಲಿ ಲಂಡನ್ ಮೇಲಿನ ಬಾಂಬ್ ದಾಳಿಯಲ್ಲಿ ಮನೆಯಲ್ಲೇ ಸತ್ತ, ಇಬ್ಬರು ಮಕ್ಕಳೂ ಅವನ ಜೊತೆ ಹೋದರು.

ಇಂಥ ಕಾರ್ಖಾನೆಯೊಳಗೆ ಯಾವ ಯಾವ ಕೆಲಸ ಇರುತ್ತಿತ್ತು?

ಸ್ವಿಚ್‌ಗೇರ್ ಮಾಡುವ ಕಡೆ ಎಲ್ಲ ಬಗೆಯ ಕೈಯೂ ಬೇಕು. ಎರಕ ಹೊಯ್ಯುವವರು, ಲೇತ್ ಮೇಲೆ ನಿಲ್ಲುವ ಟರ್ನರ್‌ಗಳು, ತಗಡು ಬಗ್ಗಿಸುವವರು, ವೆಲ್ಡರ್‌ಗಳು, ಬುಷಿಂಗ್‌ಗೆ (ಕರೆಂಟಿನ ತಾಮ್ರ ಪೆಟ್ಟಿಗೆಗೆ ತಾಗದಂತೆ ಹೊರಗೆ ತರುವ ಕೊಳವೆಗೆ) ಕಾಗದ ಸುತ್ತುವವರು, ಕಾಯಿಲ್ ಸುತ್ತುವವರು, ಕಾಂಪೌಂಡ್ ಕಾಯಿಸುವವರು, ವೈರಿಂಗ್ ಕಟ್ಟುವವರು, ಡ್ರಾಯಿಂಗ್ ಆಫೀಸಿನವರು, ಕೊನೆಗೆ ಟೆಸ್ಟಿಂಗ್‌ನವರು. ಯಾರೊಬ್ಬರ ಕೈ ಕೆಟ್ಟರೂ ಪ್ಯಾನೆಲ್ ಕೆಟ್ಟಂತೆ. ಬುಷಿಂಗ್‌ನ ಕಾಗದದ ಸುತ್ತಿನಲ್ಲಿ ಒಂದು ಗಾಳಿಯ ಗುಳ್ಳೆ ಉಳಿದರೆ ಹತ್ತು ವರ್ಷದ ಮೇಲೆ ಅದೇ ಜಾಗದಲ್ಲಿ ಸಿಡಿಯುತ್ತದೆ.

ಬ್ರೇಕರ್‌ನ ಕಾಂಟ್ಯಾಕ್ಟ್ ಬೆರಳುಗಳನ್ನು ಬಿಚ್ಚಿ ನೋಡಿದವರಿಗೆ ಈ ಕೆಲಸದ ನಾಜೂಕು ಗೊತ್ತು. ತಾಮ್ರದ ಬೆರಳುಗಳು ವೃತ್ತವಾಗಿ ನಿಂತಿರುತ್ತವೆ, ಹಿಂದೆ ಒಂದೊಂದಕ್ಕೂ ಸ್ಪ್ರಿಂಗ್. ಎಲ್ಲ ಬೆರಳೂ ಒಂದೇ ಒತ್ತಡದಲ್ಲಿ ಹಿಡಿಯಬೇಕು. ಒಂದು ಸಡಿಲವಾದರೆ ಅದರ ಪಾಲಿನ ಕರೆಂಟ್ ಉಳಿದವುಗಳ ಮೇಲೆ ಬಿದ್ದು ಅವು ಕಾಯುತ್ತವೆ. ಈ ಬೆರಳುಗಳು ಮುಳುಗಿರುವ ಎಣ್ಣೆಯ ಟ್ಯಾಂಕ್ ಇಳಿಸಿದಾಗ ಕಪ್ಪಗೆ ಮಸಿಯಾದ ಎಣ್ಣೆ, ಸುಟ್ಟ ವಾಸನೆ, ತುದಿಯಲ್ಲಿ ಜೋಳದ ಕಾಳಿನಷ್ಟು ಕರಗಿದ ತಾಮ್ರದ ಹನಿ. ಅದನ್ನು ಅರದಿಂದ ಉಜ್ಜಿ ಸರಿ ಮಾಡುವಾಗ, ಮೊದಲ ಸಲ ಇದನ್ನು ತಯಾರಿಸಿದವನು ಎಷ್ಟು ತಾಳ್ಮೆಯವನಿರಬೇಕು ಅಂತ ಪ್ರತಿ ಸಲವೂ ಅನ್ನಿಸುತ್ತಿತ್ತು.

ಅಪ್ರೆಂಟಿಸ್‌ಗಳನ್ನು ಹೇಗೆ ತಯಾರು ಮಾಡುತ್ತಿದ್ದರು?

ಬ್ರಿಟನ್‌ನ ಇಂಜಿನಿಯರಿಂಗ್ ಕಾರ್ಖಾನೆಗಳಲ್ಲಿ ಹುಡುಗರು ಹದಿನಾಲ್ಕು, ಹದಿನೈದು, ಹದಿನಾರಕ್ಕೆ ಸೇರಿ ಇಪ್ಪತ್ತೊಂದರವರೆಗೆ ಅಪ್ರೆಂಟಿಸ್ ಆಗಿರುತ್ತಿದ್ದರು. ಹಗಲು ಕೆಲಸ, ಸಂಜೆ ಟೆಕ್ನಿಕಲ್ ಕಾಲೇಜಿನ ಕ್ಲಾಸ್. ಒಂದೊಂದು ಶಾಪಿನಲ್ಲೂ ಕೆಲವು ತಿಂಗಳು ಕಳೆದು ಮುಂದಿನದಕ್ಕೆ ಹೋಗಬೇಕು. ಸಂಬಳ ತೀರಾ ಕಮ್ಮಿ. ಆದರೆ ಮುಗಿಸಿ ಬಂದವನ ಕೈಯಲ್ಲಿ ಕಸುಬು ಇರುತ್ತಿತ್ತು. ನಮ್ಮ ಐಟಿಐ ಮುಗಿಸಿ ಅಪ್ರೆಂಟಿಸ್ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ಹುಡುಗರು ತಲೆ ತಗ್ಗಿಸಿ ಸುಮ್ಮನಿದ್ದವರಲ್ಲ. ಎರಡನೇ ಮಹಾಯುದ್ಧದ ಕೊನೆಗೆ ಗಣಿಗಳಲ್ಲಿ ಆಳು ಸಾಲದೆ, ಸರ್ಕಾರ ಚೀಟಿ ಎತ್ತಿ ಯುವಕರನ್ನು ಕಲ್ಲಿದ್ದಲ ಗಣಿಗೆ ಕಳಿಸತೊಡಗಿತು. ಕಸುಬು ಅರ್ಧಕ್ಕೆ ಬಿಟ್ಟು ಗಣಿಗೆ ಹೋಗುವುದಿಲ್ಲ ಅಂತ 1944ರ ಮಾರ್ಚ್‌ನಲ್ಲಿ ಟೈನ್ ದಂಡೆಯ ಅಪ್ರೆಂಟಿಸ್‌ಗಳು ಮುಷ್ಕರ ಹೂಡಿದರು. ಯುದ್ಧದ ನಡುವೆ ಮುಷ್ಕರ ಹೂಡಿದರು ಅಂತ ಅವರನ್ನು ಬೈದವರು ಬಹಳ. ಐದು ವರ್ಷ ಕಷ್ಟಪಟ್ಟು ಕಲಿಯುತ್ತಿರುವ ಹುಡುಗನ ಸಂಕಟ ನನಗೆ ಅರ್ಥವಾಗುತ್ತದೆ.

ಹೆಂಗಸರು ಕೆಲಸ ಮಾಡುತ್ತಿದ್ದರಾ?

ಮಾಡುತ್ತಿದ್ದರು. ಎರಡೂ ಯುದ್ಧಗಳ ಕಾಲದಲ್ಲಿ ಗಂಡಸರು ಸೈನ್ಯಕ್ಕೆ ಹೋದಾಗ ಟೈನ್ ದಂಡೆಯ ಕಾರ್ಖಾನೆಗಳನ್ನು ನಡೆಸಿದ್ದು ಹೆಚ್ಚಾಗಿ ಅವರೇ. 1941ರ ಡಿಸೆಂಬರ್‌ನಲ್ಲಿ ಬ್ರಿಟನ್ ಮದುವೆಯಾಗದ ಯುವತಿಯರನ್ನೂ ಕಡ್ಡಾಯ ಯುದ್ಧಸೇವೆಗೆ ಕರೆಯುವ ಕಾನೂನು ತಂದಿತ್ತು. ಕಾಯಿಲ್ ಸುತ್ತುವುದು, ಟೇಪ್ ಮಾಡುವುದು, ರಿಲೇ ಜೋಡಿಸುವುದು, ಇಂಥ ಸೂಕ್ಷ್ಮ ಕೆಲಸ ಈ ಉದ್ಯಮದಲ್ಲಿ ಬಹುಕಾಲ ಹೆಂಗಸರ ಕೈಯಲ್ಲೇ ಇತ್ತು. ಕೂಲಿ ಮಾತ್ರ ಗಂಡಸರಿಗಿಂತ ಕಮ್ಮಿ. ಸಮಾನ ವೇತನದ ಕಾನೂನು ಅಲ್ಲಿ ಬಂದದ್ದು 1970ರಲ್ಲಿ, ಜಾರಿಯಾದದ್ದು 1975ರ ಕೊನೆಗೆ. ಆ ಅನ್ಯಾಯವನ್ನು ಹೇಳದೆ ಕಾರ್ಖಾನೆಯ ಇತಿಹಾಸ ಬರೆಯುವುದು ಸರಿಯಲ್ಲ.

1930ರ ದಶಕದ ನಿರುದ್ಯೋಗ ಇಲ್ಲಿಗೂ ತಟ್ಟಿತಾ?

ಹೆಬ್ಬರ್ನ್‌ನ ಪಕ್ಕದ ಊರೇ ಜಾರೋ. ಅಲ್ಲಿನ ಪಾಮರ್ಸ್ ಹಡಗು ಯಾರ್ಡ್ ಮುಚ್ಚಿದ ಮೇಲೆ ಇಡೀ ಊರು ಕೆಲಸವಿಲ್ಲದೆ ಕೂತಿತು. 1936ರ ಅಕ್ಟೋಬರ್‌ನಲ್ಲಿ ಸುಮಾರು 200 ಗಂಡಸರು ಅರ್ಜಿ ಹೊತ್ತು ಜಾರೋದಿಂದ ಲಂಡನ್‌ಗೆ ನಡೆದರು. ಹತ್ತಿರ ಹತ್ತಿರ 450 ಕಿಲೋಮೀಟರ್. ಸಂಸದೆ ಎಲೆನ್ ವಿಲ್ಕಿನ್ಸನ್ ಅವರ ಜೊತೆ ಹೆಜ್ಜೆ ಹಾಕಿದರು. ಪ್ರಧಾನಿ ಅವರನ್ನು ಕಾಣಲು ಒಪ್ಪಲಿಲ್ಲ.

ಅದೇ ಕಾಲದಲ್ಲಿ ಕರೆಂಟಿನ ಕೆಲಸಕ್ಕೆ ಮಾತ್ರ ಬೇರೆ ಬಾಗಿಲು ತೆರೆದಿತ್ತು. 1926ರ ಕಾನೂನಿನ ಪ್ರಕಾರ ಬ್ರಿಟನ್ ತುಂಬ 132 ಕೆವಿ ಗ್ರಿಡ್, ಅಂದರೆ ವಿದ್ಯುತ್ ಕೇಂದ್ರಗಳನ್ನೆಲ್ಲ ಜೋಡಿಸುವ ಜಾಲ, ಕಟ್ಟುತ್ತಿದ್ದರು. 1933ರ ಹೊತ್ತಿಗೆ ಅದು ಓಡತೊಡಗಿತು. ಪ್ರತಿ ಸ್ಟೇಷನ್‌ಗೂ ಬ್ರೇಕರ್ ಬೇಕು, ರಿಲೇ ಬೇಕು. ರೇರೋಲ್ ಈ ಗ್ರಿಡ್‌ಗೆ ಸ್ವಿಚ್‌ಗೇರ್ ಕೊಟ್ಟ ಮುಖ್ಯ ಕಂಪನಿಗಳಲ್ಲಿ ಒಂದು. ಒಂದು ಊರಲ್ಲಿ ಯಾರ್ಡಿನ ಗೇಟಿಗೆ ಬೀಗ, ಪಕ್ಕದ ಊರಲ್ಲಿ ಗ್ರಿಡ್‌ಗೆ ಸಾಮಾನು ಕಟ್ಟುವ ಕಾರ್ಖಾನೆ. ನಡುವೆ ನಡೆದು ಹೋಗುವಷ್ಟೇ ದೂರ.

ಶಾರ್ಟ್ ಸರ್ಕ್ಯೂಟ್ ಟೆಸ್ಟಿಂಗ್ ಸ್ಟೇಷನ್ ಅಂತ ಏನೋ ಹೇಳುತ್ತಾರಲ್ಲ, ಅದೇನು?

ಕಾರ್ಖಾನೆಯ ಇತಿಹಾಸದಲ್ಲಿ ನನಗೆ ತುಂಬ ಹೆಮ್ಮೆ ಅನ್ನಿಸುವ ಸಂಗತಿ ಇದೇ. ಮೊದಲೆಲ್ಲ ಬ್ರೇಕರ್ ಎಷ್ಟು ಫಾಲ್ಟ್ ಕರೆಂಟ್ ತಡೆಯುತ್ತದೆ ಎಂಬುದು ಬರೀ ಲೆಕ್ಕ ಮತ್ತು ಅನುಭವದ ಮಾತು. ನಿಜವಾದ ಪರೀಕ್ಷೆ ಆಗುತ್ತಿದ್ದದ್ದು ಸ್ಟೇಷನ್‌ನಲ್ಲಿ ಫಾಲ್ಟ್ ಆದಾಗಲೇ. ಲೆಕ್ಕ ತಪ್ಪಿದ್ದರೆ ಎಣ್ಣೆಯ ಟ್ಯಾಂಕ್ ಸಿಡಿದು ಬೆಂಕಿ. ಪಕ್ಕದಲ್ಲಿ ನಿಂತವನ ಗತಿ ಹೇಳಬೇಕಿಲ್ಲ.

ರೇರೋಲ್ 1929ರಲ್ಲಿ ಹೆಬ್ಬರ್ನ್‌ನಲ್ಲೇ ಟೆಸ್ಟಿಂಗ್ ಸ್ಟೇಷನ್ ತೆರೆಯಿತು. ಬ್ರಿಟನ್‌ನಲ್ಲಿ ಅಂಥದ್ದು ಅದೇ ಮೊದಲು. ಕೆಲಸ ಹೀಗೆ. ದೊಡ್ಡ ಜನರೇಟರನ್ನು ಪೂರ್ತಿ ವೇಗಕ್ಕೆ ತರುತ್ತಾರೆ. ಬೇಕೆಂದೇ ಶಾರ್ಟ್ ಮಾಡುತ್ತಾರೆ. ತಿರುಗುವ ಆ ಭಾರದಲ್ಲಿ ಕೂಡಿಟ್ಟ ಶಕ್ತಿಯೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಬ್ರೇಕರ್ ಮೇಲೆ ಬೀಳುತ್ತದೆ. ಜನ ಗೋಡೆಯ ಆಚೆ. ಕರೆಂಟಿನ ಏರಿಳಿತ ಬರೆಯುವ ಆಸಿಲೋಗ್ರಾಫ್ ಗೆರೆ ಎಳೆಯುತ್ತದೆ, ಆರ್ಕ್ ಯಾವ ಸೊನ್ನೆಗೆ ಆರಿತು ಎಂಬುದು ಅದರಲ್ಲಿ ಕಾಣುತ್ತದೆ. ಆಮೇಲೆ ಬಿಚ್ಚಿ ನೋಡಿ ತಪ್ಪು ತಿದ್ದುತ್ತಾರೆ. ಇನ್ನು ಮೇಲೆ ಪ್ಲೇಟಿನ ಮೇಲಿನ ಅಂಕಿ ಅಂದಾಜಲ್ಲ, ಪರೀಕ್ಷೆ ಮಾಡಿ ಕಂಡದ್ದು. ಬ್ರಿಟನ್‌ನ ಇಂಥ ಪರೀಕ್ಷಾ ಕೇಂದ್ರಗಳು ಸೇರಿ 1938ರಲ್ಲಿ ಒಂದು ಸಂಘವನ್ನೇ ಮಾಡಿಕೊಂಡವು.

ನಮ್ಮಲ್ಲಿ ಈ ಕೆಲಸ ಮಾಡುವುದು ಸಿಪಿಆರ್‌ಐ, ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ. 1960ರಲ್ಲಿ ಶುರುವಾದದ್ದು, ಮುಖ್ಯ ಕಚೇರಿ ಬೆಂಗಳೂರಿನಲ್ಲೇ. ಅಲ್ಲಿನ ಶಾರ್ಟ್ ಸರ್ಕ್ಯೂಟ್ ಜನರೇಟರ್ 2500 ಎಂವಿಎ (ಮೆಗಾವೋಲ್ಟ್ ಆಂಪಿಯರ್) ಸಾಮರ್ಥ್ಯದ್ದು. ಬ್ರೇಕರ್, ಟ್ರಾನ್ಸ್‌ಫಾರ್ಮರ್ ಮಾಡುವವರು ದೇಶದ ಮೂಲೆ ಮೂಲೆಯಿಂದ ಲಾರಿಯಲ್ಲಿ ಸಾಮಾನು ತಂದು ಪರೀಕ್ಷೆಗೆ ಕಾಯುತ್ತಾರೆ. ಓದುವ ಮಕ್ಕಳು ಕಾಲೇಜಿನ ಮೂಲಕ ಒಮ್ಮೆ ನೋಡಿ ಬರಲು ಪ್ರಯತ್ನ ಮಾಡಿ.

ಕಾರ್ಖಾನೆಗೆ ಫುಟ್‌ಬಾಲ್ ಟೀಮ್ ಇತ್ತಂತೆ, ನಿಜವಾ?

ನಿಜ. 1912ರಲ್ಲಿ ರೇರೋಲ್ ಕೆಲಸಗಾರರ ಟೀಮ್ ಆಗಿ ಶುರುವಾಯಿತು. ಅದೇ ಈಗಿನ ಹೆಬ್ಬರ್ನ್ ಟೌನ್ ಕ್ಲಬ್. ಸಣ್ಣ ಕ್ಲಬ್‌ಗಳಿಗಾಗಿ ನಡೆಯುವ ಎಫ್‌ಎ ವೇಸ್ ಪಂದ್ಯಾವಳಿಯ 2020ರ ಫೈನಲ್ ಕೊರೊನಾದಿಂದ ಮುಂದೆ ಹೋಗಿ, 2021ರ ಮೇ 3ರಂದು ವೆಂಬ್ಲಿಯಲ್ಲಿ ನಡೆಯಿತು. ನೋಡುವವರು ಯಾರೂ ಇಲ್ಲ. ಕನ್ಸೆಟ್ ತಂಡದ ಮೇಲೆ ಹೆಬ್ಬರ್ನ್ 3-2ರಿಂದ ಗೆದ್ದಿತು. ಶಿಫ್ಟ್ ಮುಗಿಸಿ ಬೂಟು ಕಟ್ಟಿಕೊಂಡು ಆಡಲು ಶುರು ಮಾಡಿದವರ ಕ್ಲಬ್ಬು ಒಂದು ಶತಮಾನ ದಾಟಿ ವೆಂಬ್ಲಿಗೆ ಹೋಯಿತು. ಖಾಲಿ ಸ್ಟೇಡಿಯಂ ಆದರೇನು, ಆ ಊರಿನ ಮನೆ ಮನೆಯಲ್ಲಿ ಟಿವಿ ಮುಂದೆ ಕೂತವರಲ್ಲಿ ಎಷ್ಟು ಜನರ ತಾತ, ಮುತ್ತಾತ ರೇರೋಲ್‌ನವರೋ!

ಈ ಕೆಲಸದಿಂದ ಆರೋಗ್ಯಕ್ಕೆ ತೊಂದರೆ ಆಗುತ್ತಿರಲಿಲ್ಲವಾ?

ಆಗುತ್ತಿತ್ತು. ಒಟ್ಟು ಸ್ವಿಚ್‌ಗೇರ್ ಉದ್ಯಮದ ಮಾತು ಹೇಳುತ್ತೇನೆ. ಆರ್ಕ್ ಬಿಸಿ ತಡೆಯಲು ಆರ್ಕ್ ಚ್ಯೂಟ್‌ಗಳಲ್ಲಿ (ಆರ್ಕನ್ನು ಹಿಡಿದು ಆರಿಸುವ ಗೂಡುಗಳಲ್ಲಿ), ಹಲಗೆಗಳಲ್ಲಿ ಆಸ್ಬೆಸ್ಟಾಸ್ ಬಳಸುತ್ತಿದ್ದರು. ಕೊಯ್ಯುವಾಗ, ತೂತು ಕೊರೆಯುವಾಗ ಎದ್ದ ಧೂಳು ಉಸಿರಿನ ಜೊತೆ ಒಳಗೆ ಹೋಗುತ್ತದೆ. ಕಾಯಿಲೆ ಕಾಣಿಸುವುದು ಇಪ್ಪತ್ತು, ಮೂವತ್ತು, ನಲವತ್ತು ವರ್ಷದ ಮೇಲೆ. ಅಷ್ಟರಲ್ಲಿ ಮನುಷ್ಯ ನಿವೃತ್ತನಾಗಿ ಮೊಮ್ಮಕ್ಕಳ ಜೊತೆ ಇರುತ್ತಾನೆ. ಕೆಲಸದ ಬಟ್ಟೆ ಒಗೆದ ಹೆಂಡತಿಗೂ ಬಂದದ್ದುಂಟು. ಬ್ರಿಟನ್ ನೀಲಿ, ಕಂದು ಆಸ್ಬೆಸ್ಟಾಸನ್ನು 1985ರಲ್ಲೂ ಬಿಳಿಯದನ್ನು 1999ರಲ್ಲೂ ನಿಷೇಧಿಸಿತು. ಹೊರಗಿನವನ ಕೈ ಕಾಪಾಡುವ ಪೆಟ್ಟಿಗೆ ಮಾಡಿದವರ ಶ್ವಾಸಕೋಶ ಕಾಪಾಡಲು ಅಷ್ಟು ವರ್ಷ ಬೇಕಾಯಿತಲ್ಲ ಎಂಬ ನೋವು ನನಗೆ ಇದೆ.

ಎಣ್ಣೆ ಬ್ರೇಕರ್ ಹೋಗಿ ವ್ಯಾಕ್ಯೂಮ್ ಬಂದದ್ದು ಹೇಗೆ?

ಎಣ್ಣೆಯಲ್ಲಿ ಆರ್ಕ್ ಹತ್ತಿದರೆ ಎಣ್ಣೆ ಒಡೆದು ಹೈಡ್ರೋಜನ್ ಗುಳ್ಳೆ ಬರುತ್ತದೆ. ಆ ಅನಿಲವೇ ಆರ್ಕನ್ನು ತಣಿಸುತ್ತದೆ. ಒಳ್ಳೆಯ ಉಪಾಯ, ಆದರೆ ಬೆಂಕಿಯ ಭಯ, ಎಣ್ಣೆ ಬದಲಿಸುವ ಕೆಲಸ. ದೊಡ್ಡ ವೋಲ್ಟೇಜ್‌ಗೆ, ಒತ್ತಿಟ್ಟ ಗಾಳಿ ಊದಿ ಆರ್ಕ್ ಆರಿಸುವ ಏರ್ ಬ್ಲಾಸ್ಟ್ ಬಂತು. ಬ್ರಿಟನ್‌ನ 275 ಕೆವಿ, 400 ಕೆವಿ ಜಾಲಕ್ಕೆ ರೇರೋಲ್ ಅಂಥವನ್ನೂ ಕಟ್ಟಿತು. ಗಾಳಿ ನುಗ್ಗುವ ಸದ್ದು ಕೇಳಿದರೆ ಕೋವಿ ಹೊಡೆದ ಹಾಗೆ. ಆಮೇಲೆ ಎಸ್‌ಎಫ್6 ಅನಿಲ, 11 ಮತ್ತು 33 ಕೆವಿಗೆ ವ್ಯಾಕ್ಯೂಮ್. ವ್ಯಾಕ್ಯೂಮ್‌ನಲ್ಲಿ, ಅಂದರೆ ಗಾಳಿ ತೆಗೆದ ಕೋಶದಲ್ಲಿ, ಉರಿಯಲು ಏನೂ ಇಲ್ಲ. 11 ಕೆವಿಗೆ ಒಂದು ಸೆಂಟಿಮೀಟರ್ ಆಸುಪಾಸಿನ ಅಂತರ ಸಾಕು. ಎಸ್‌ಎಫ್6 ಕೆಲಸದಲ್ಲಿ ಬಹಳ ಒಳ್ಳೆಯದು, ಆದರೆ ಭೂಮಿ ಬಿಸಿಯಾಗಿಸುವುದರಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ 20 ಸಾವಿರ ಪಟ್ಟಿಗೂ ಜಾಸ್ತಿ. ಅದಕ್ಕೇ ಯುರೋಪ್ ಈಗ ಅದನ್ನು ಕೈಬಿಡುತ್ತಿದೆ.

ರೇರೋಲ್‌ನ ಎಲ್‌ಎಂಟಿ ಎಂಬ 11 ಕೆವಿ ಎಣ್ಣೆ ಬ್ರೇಕರ್ ಬ್ರಿಟನ್‌ನ ಸ್ಟೇಷನ್‌ಗಳಲ್ಲಿ ಮನೆಮಾತಾಗಿತ್ತು. ಎಷ್ಟು ಗಟ್ಟಿ ಅಂದರೆ, ಹಳೇ ಪೆಟ್ಟಿಗೆಯನ್ನು ಹಾಗೇ ಬಿಟ್ಟು ಒಳಗಿನ ಎಣ್ಣೆ ಟ್ರಾಲಿಗೆ ಬದಲು ವ್ಯಾಕ್ಯೂಮ್ ಟ್ರಾಲಿ ತಳ್ಳುತ್ತಾರೆ. ಎಳೆಯುವ ಬ್ರೇಕರ್ ಎಂಬ ಹಳೆಯ ಯೋಚನೆ ಅಲ್ಲಿ ಮತ್ತೆ ಕೆಲಸಕ್ಕೆ ಬಂತು.

ಈಗ ಕಂಪನಿ ಯಾರ ಕೈಯಲ್ಲಿದೆ?

1968ರಲ್ಲಿ ಪಾರ್ಸನ್ಸ್ ಜೊತೆ ಸೇರಿ ರೇರೋಲ್ ಪಾರ್ಸನ್ಸ್ ಆಯಿತು. 1977ರಲ್ಲಿ ಕ್ಲಾರ್ಕ್ ಚಾಪ್‌ಮನ್ ಸೇರಿ ನಾರ್ದರ್ನ್ ಇಂಜಿನಿಯರಿಂಗ್ ಇಂಡಸ್ಟ್ರೀಸ್. 1989ರಲ್ಲಿ ಅದನ್ನು ರೋಲ್ಸ್ ರಾಯ್ಸ್ ಕೊಂಡಿತು. 1998ರಲ್ಲಿ ಆಸ್ಟ್ರಿಯಾದ ವಿಎ ಟೆಕ್‌ಗೆ ಹೋಯಿತು, 2005ರಲ್ಲಿ ಸೀಮೆನ್ಸ್‌ಗೆ. ಪ್ರತಿ ಸಲ ಬೋರ್ಡು ಬದಲಾದಾಗಲೂ ಕೆಲಸಗಾರನಿಗೆ ಒಂದೇ ಚಿಂತೆ, ನನ್ನ ಶಾಪ್ ಉಳಿಯುತ್ತದಾ ಅಂತ. ಒಂದು ಕಾಲಕ್ಕೆ ಟೈನ್ ದಂಡೆಯ ಅತಿ ದೊಡ್ಡ ಉದ್ಯೋಗದಾತರಲ್ಲಿ ಒಂದಾಗಿದ್ದ ಕಾರ್ಖಾನೆ ಹೀಗೆ ಹಂತ ಹಂತವಾಗಿ ಕುಗ್ಗಿತು. ಸೀಮೆನ್ಸ್ ಕೈಗೆ ಬಂದ ಮೇಲೂ ಹೆಬ್ಬರ್ನ್‌ನಲ್ಲಿ ರಿಲೇ ಕೆಲಸ ಮುಂದುವರಿಯಿತು, ರೇರೋಲ್ ಹೆಸರಿನಲ್ಲೇ ರಿಲೇಗಳು ಮಾರಾಟವಾಗುತ್ತವೆ.

ನಮ್ಮ ಕಡೆ ಈ ಹೆಸರು ಎಲ್ಲಿ ಕಾಣುತ್ತದೆ?

ಬೆಂಗಳೂರಿನಿಂದ 40 ಕಿಲೋಮೀಟರ್ ದೂರದ ಹೊಸೂರಿನಲ್ಲಿ ಈಸನ್ ರೇರೋಲ್ ಕಾರ್ಖಾನೆ ರಿಲೇ, ಸ್ವಿಚ್‌ಗೇರ್ ತಯಾರಿಸುತ್ತಿತ್ತು. ತಮಿಳುನಾಡಿನ ಊರಾದರೂ ಕನ್ನಡ, ತೆಲುಗು, ತಮಿಳು ಮೂರೂ ಬೀದಿಯಲ್ಲಿ ಕೇಳುವ ಜಾಗ ಅದು. ನಮ್ಮ ಕಂಟ್ರೋಲ್ ರೂಮ್‌ಗಳಲ್ಲಿ ಆ ಪ್ಲೇಟ್ ಇರುವ ರಿಲೇಗಳನ್ನು ನೋಡಿದವರು ಬಹಳ ಜನ ಇದ್ದೀರಿ.

ನಮ್ಮ ಫ್ಯಾಕ್ಟರಿಯಲ್ಲಿ ಹಳೇ ಪ್ಯಾನೆಲ್ ಒಂದಿದೆ. ಗುಜರಿಗೆ ಹಾಕುವ ಮೊದಲು ಏನು ಮಾಡಬೇಕು?

ಮೊದಲು, ಡೆಡ್ ಆಗಿದೆ ಅಂತ ಯಾರ ಬಾಯಿಮಾತನ್ನೂ ನಂಬಬೇಡಿ. ಟೆಸ್ಟ್ ಮಾಡಿ, ಅರ್ಥ್ ಮಾಡಿ, ಆಮೇಲೆ ಕೈ ಹಾಕಿ. ಆರ್ಕ್ ಚ್ಯೂಟ್‌ನಲ್ಲಿ ಆಸ್ಬೆಸ್ಟಾಸ್ ಇರಬಹುದು, ಒಡೆಯಬೇಡಿ, ಗುಡಿಸಬೇಡಿ, ಬಲ್ಲವರನ್ನು ಕರೆಸಿ. ಎಣ್ಣೆಯನ್ನು ಚರಂಡಿಗೆ ಬಿಡಬೇಡಿ. ಕಾಂಪೌಂಡ್ ತೆಗೆಯಲು ಬೆಂಕಿ ಹಚ್ಚಬೇಡಿ.

ಆಮೇಲೆ ನೇಮ್ ಪ್ಲೇಟ್. ಹಿತ್ತಾಳೆಯದಾದರೆ ಗುಜರಿಯವನು ಅದನ್ನೇ ಮೊದಲು ಕೀಳುತ್ತಾನೆ. ಹಳೇ ಬನಿಯನ್ ಬಟ್ಟೆಗೆ ಎರಡು ಹನಿ ಸೀಮೆಎಣ್ಣೆ ಹಾಕಿ ಒರೆಸಿ. ಸೀರಿಯಲ್ ನಂಬರ್, ವೋಲ್ಟೇಜ್, ಬ್ರೇಕಿಂಗ್ ಕೆಪ್ಯಾಸಿಟಿ, ಇಸವಿ ಕಾಣುತ್ತವೆ. ಫೋಟೊ ತೆಗೆದಿಡಿ. ಬಾಗಿಲು ತೆರೆದು ಒಳಭಾಗವನ್ನೂ ನೋಡಿ. ಕೆಲವು ಪ್ಯಾನೆಲ್‌ಗಳ ಒಳಗೆ ತಗಡಿನ ಮೇಲೆ ಸಣ್ಣ ಪಂಚಿನಿಂದ ಹೊಡೆದ ಎರಡು ಅಕ್ಷರ ಇರುತ್ತದೆ, ಜೋಡಿಸಿದವನ ಅಥವಾ ಪರೀಕ್ಷಿಸಿದವನ ಗುರುತು. ಅದರ ಫೋಟೊವನ್ನೂ ತೆಗೆಯಿರಿ.